ರಾತ್ರಿ ಎದ್ದರೆ ಜೊತೆಗೆ ಯಾರು? – ಒಂದು ಶಿಬಿರ ಯೋಜನೆಯ ಅನುಭವ

ಬೋಧನಾಭ್ಯಾಸದ ದಿನಗಳಲ್ಲಿ ವಾರಕ್ಕೊಮ್ಮೆ ನನ್ನ ಮೇಜಿನ ಮೇಲೆ ಪಾಠಯೋಜನೆಯ ಪುಸ್ತಕಗಳ ರಾಶಿ ಬಂದು ಕೂರುತ್ತದೆ. ಕಲಿಕಾಂಶ, ಪೂರ್ವಜ್ಞಾನ, ಕಲಿಕಾ ಸಾಮಗ್ರಿ, ಚಟುವಟಿಕೆ, ಮೌಲ್ಯಮಾಪನ ಎಂದು ಗೆರೆ ಎಳೆದ ಪುಟಗಳು. ಅಕ್ಷರ ದುಂಡಗಿರುತ್ತದೆ, ಕಾಲಂಗಳು ತುಂಬಿರುತ್ತವೆ. ಆದರೆ ಹತ್ತು ಪುಸ್ತಕ ಓದುವಷ್ಟರಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಇವುಗಳನ್ನು ಬರೆದಿರುವುದು ನನಗಾಗಿ. ನನ್ನ ಸಹಿಗಾಗಿ. ಪೂರ್ವಜ್ಞಾನದ ಕಾಲಂನಲ್ಲಿ ‘ಮಕ್ಕಳಿಗೆ ಮಳೆಯ ಬಗ್ಗೆ ತಿಳಿದಿದೆ’ ಎಂದಿರುತ್ತದೆ. ಯಾವ ಮಕ್ಕಳಿಗೆ, ಯಾವ ಊರಿನ ಮಳೆ, ಕೇಳಿ ನೋಡಿದವರು ಯಾರು ಎಂಬುದು ಇರುವುದಿಲ್ಲ. ಸಹಿ ಬಿದ್ದ ಮೇಲೆ ಆ ಯೋಜನೆಯ ಕೆಲಸ ಮುಗಿಯಿತು ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಸದ್ದಿಲ್ಲದೆ ನೆಲೆಸಿಬಿಟ್ಟಿದೆ.

ನಮ್ಮ ಪ್ರಶಿಕ್ಷಣಾರ್ಥಿಗಳು ಒಂದು ಯೋಜನೆಯನ್ನು ಬೇರೆಯ ಓದುಗರಿಗಾಗಿ ಬರೆದ ಸಂದರ್ಭವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅದು ಪಾಠಯೋಜನೆಯಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಒಂದು ರಾತ್ರಿ ತಂಗುವ ಪ್ರಕೃತಿ ಶಿಬಿರದ ಯೋಜನೆ. ಆದರೂ ಈ ಪತ್ರಿಕೆಯ ಓದುಗರಿಗೆ ಅದು ಸಂಬಂಧಪಟ್ಟದ್ದು ಎಂದು ನಂಬಿದ್ದೇನೆ.

ಯೋಜನಾ ಸಮಿತಿಯಲ್ಲಿ ನಾಲ್ವರಿದ್ದರು, ನಾಲ್ಕು ತಾಲ್ಲೂಕಿನಿಂದ ಒಬ್ಬೊಬ್ಬರು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾಲ್ಕೂ ಇಂದು ದಾವಣಗೆರೆ ಜಿಲ್ಲೆಯವೇ. ಆದರೆ 1997ರಲ್ಲಿ ಜಿಲ್ಲೆ ರಚನೆಯಾಗುವ ಮುಂಚೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತು. ಜಗಳೂರು ಚಿತ್ರದುರ್ಗದ್ದು. ಒಂದೇ ಜಿಲ್ಲೆ ಎಂದರೂ ನೆಲ ಒಂದೇ ಅಲ್ಲ. ಚನ್ನಗಿರಿಯಲ್ಲಿ ಭದ್ರಾ ನಾಲೆಯ ನೀರು, ಅಡಿಕೆ ತೋಟ, ಸೂಳೆಕೆರೆಯ ಹರವು. ಹೊನ್ನಾಳಿಗೆ ಮಗ್ಗುಲಲ್ಲೇ ತುಂಗಭದ್ರೆ. ನ್ಯಾಮತಿಯ ಕಡೆ ಮಳೆ ನಂಬಿದ ಮೆಕ್ಕೆಜೋಳ. ಜಗಳೂರಿನದು ಬಯಲುಸೀಮೆ, ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಗಳ ವನ್ಯಧಾಮ. ಅಲ್ಲಿಯ ರೈತರು ಇಂದಿಗೂ ಭದ್ರಾ ಮೇಲ್ದಂಡೆಯ ನೀರಿಗೆ ಕಾಯುತ್ತಿದ್ದಾರೆ.

ಜಾಗ ಆರಿಸುವಾಗ ಈ ನೀರೇ ಮಾತಿಗೆ ಬಂತು. ಬಾಬಾಬುಡನ್‌ಗಿರಿ ಸಾಲಿನ ಪಶ್ಚಿಮದ ಹಳ್ಳಗಳು ಭದ್ರೆಗೆ ಸೇರುತ್ತವೆ, ಪೂರ್ವದ ಹಳ್ಳಗಳು ವೇದಾವತಿಗೆ. ಚನ್ನಗಿರಿಯ ತೋಟಕ್ಕೆ ಹರಿಯುವ ನೀರಿನ ಒಂದು ಪಾಲು ಆ ಕಾಡಿನಿಂದ ಇಳಿದು, ಲಕ್ಕವಳ್ಳಿಯ ಜಲಾಶಯದಲ್ಲಿ ನಿಂತು, ನಾಲೆ ಹಿಡಿದು ಬಂದದ್ದು. ‘ನಮ್ಮೂರಿಗೆ ಇನ್ನೂ ಬಾರದ ನೀರು ಎಲ್ಲಿ ಹುಟ್ಟುತ್ತೆ ಅಂತ ನೋಡ್ಬೇಕು ಮೇಡಂ’ ಎಂದಳು ಜಗಳೂರಿನ ಹುಡುಗಿ. ಅಲ್ಲಿಗೆ ಜಾಗ ನಿಶ್ಚಯವಾಯಿತು.

ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದ ಗಿರಿಧಾಮ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕೃಷ್ಣರಾಜೇಂದ್ರ ಗಿರಿಧಾಮ ಎಂದೂ ಕರೆಯುತ್ತಾರೆ. ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳೂ ಕುಟೀರಗಳೂ ಅಲ್ಲಿವೆ. ಹೆಸರೇ ಹೇಳುವಂತೆ ಅದು ಕೆಮ್ಮಣ್ಣಿನ ನೆಲ; ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಒಂದು ಕಾಲದಲ್ಲಿ ಅದಿರು ಹೋಗುತ್ತಿದ್ದುದು ಇಲ್ಲಿಂದ. ಸುತ್ತ ಹುಲ್ಲುಗಾವಲಿನ ಬೋಳುಬೆಟ್ಟ, ಅದರ ಮಡಿಲಲ್ಲಿ ಶೋಲಾ ಕಾಡು. ವಿಜ್ಞಾನ, ಭೂಗೋಳ, ಇತಿಹಾಸ ಮೂರಕ್ಕೂ ಪಾಠವಿರುವ ಜಾಗ.

ಸಮಿತಿಯ ಮೊದಲ ಕರಡು ನಾನು ಊಹಿಸಿದಂತೆಯೇ ಇತ್ತು. ಉದ್ದೇಶಗಳು: ಪ್ರಕೃತಿ ಪ್ರೇಮ ಬೆಳೆಸುವುದು, ಸಹಬಾಳ್ವೆಯ ಮನೋಭಾವ ಮೂಡಿಸುವುದು, ನಾಯಕತ್ವ ಗುಣ ಬೆಳೆಸುವುದು. ಮೊದಲ ದಿನ ಬೆಳಿಗ್ಗೆ 6ಕ್ಕೆ ಹೊರಡುವುದು, ಕಲ್ಲತ್ತಿಗಿರಿ ಜಲಪಾತ, ಮಧ್ಯಾಹ್ನ ಊಟ, ಸೂರ್ಯಾಸ್ತ ವೀಕ್ಷಣೆ, ಶಿಬಿರಾಗ್ನಿ. ಎರಡನೆಯ ದಿನ ಝಡ್ ಪಾಯಿಂಟ್, ಹೆಬ್ಬೆ ಜಲಪಾತ, ವಾಪಸ್. ಇದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಪ್ರಾಂಶುಪಾಲರ ಸಹಿಗೆ ಇಷ್ಟು ಸಾಕಾಗಿತ್ತು.

ನಾನು ಅದಕ್ಕೆ ಸಹಿ ಹಾಕದೆ ಒಂದು ಕೆಲಸ ಕೊಟ್ಟೆ. ‘ಈ ವಾರ ಊರಿಗೆ ಹೋದಾಗ ಇದನ್ನು ಮನೆಯಲ್ಲಿ ಓದಿ ಹೇಳಿ. ನಿಮ್ಮನ್ನು ಕಳಿಸಲು ಹೂಂ ಎನ್ನಬೇಕಾದವರು ಯಾರೋ ಅವರಿಗೇ ಓದಿ. ಅವರು ಏನು ಕೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬನ್ನಿ. ನೀವು ಉತ್ತರ ಹೇಳಬೇಡಿ.’

ಕೊನೆಯ ವಾಕ್ಯ ಅವರಿಗೆ ಕಷ್ಟವಾಯಿತು. ಪ್ರಶ್ನೆ ಬಿದ್ದ ಕೂಡಲೇ ಉತ್ತರ ಹೇಳಬೇಕೆಂಬ ಚಟ ಶಿಕ್ಷಕರಾಗುವ ಮುಂಚೆಯೇ ನಮಗೆ ಅಂಟಿಕೊಂಡಿರುತ್ತದೆ. ಆದರೂ ಸೋಮವಾರ ನಾಲ್ವರೂ ಹಾಳೆ ತುಂಬ ಬರೆದುಕೊಂಡು ಬಂದರು.

ಚನ್ನಗಿರಿಯ ತಾಯಿ ಕೇಳಿದ್ದು: ‘ಅಡಿಕೆ ಕೊಯ್ಲು ನಡೀತಿರುತ್ತೆ, ಸುಲಿಯೋಕೆ ಆಳು ಸಿಗಲ್ಲ, ಯಾವ ವಾರ ಹೋಗ್ತೀರ?’ ಹೊನ್ನಾಳಿಯ ತಂದೆ ಕೇಳಿದ್ದು: ‘ಬಸ್ ಓಡಿಸೋನು ಘಾಟಿ ಓಡಿಸಿ ರೂಢಿ ಇರೋನಾ? ರಾತ್ರಿ ಎಲ್ಲಿ ಮಲಗ್ತಾನೆ? ನಿದ್ದೆ ಆಗುತ್ತಾ ಅವನಿಗೆ?’ ನ್ಯಾಮತಿಯ ಮನೆಯಿಂದ ಬಂದದ್ದು ಪ್ರಶ್ನೆಯಲ್ಲ, ಲೆಕ್ಕ: ‘ಮೆಕ್ಕೆಜೋಳ ಮುರಿಯೋ ಎರಡು ದಿನ ನೀನಿಲ್ಲ ಅಂದ್ರೆ ಇಬ್ಬರು ಆಳಿನ ಕೂಲಿ.’ ಜಗಳೂರಿನ ತಾಯಿಯದು ಮೂರು ಪ್ರಶ್ನೆ. ‘ಮೇಲಕ್ಕೆ ಹೋದ್ರೆ ಸೂರ್ಯ ಹತ್ರ ಆಗಲ್ವ, ಅಲ್ಲಿ ಚಳಿ ಹೆಂಗೆ?’ ‘ಸ್ವೆಟ್ರು ಕೊಳ್ಳಬೇಕಾ?’ ಮೂರನೆಯದು: ‘ರಾತ್ರಿ ಎದ್ದು ಹೊರಗೆ ಹೋಗಬೇಕಂದ್ರೆ ನಿನ್ನ ಜೊತಿಗೆ ಯಾರು ಬರ್ತಾರೆ?’

ಈ ಕೊನೆಯ ಪ್ರಶ್ನೆಯನ್ನು ಆ ಹುಡುಗಿ ಸಮಿತಿಯ ಮುಂದೆ ಓದಲಿಲ್ಲ. ಹಾಳೆಯನ್ನು ಮಡಿಚಿ ನನ್ನ ಕೈಗೆ ಕೊಟ್ಟಳು. ‘ಅವ್ವ ಹೂಂ ಅಂದಿಲ್ಲ ಮೇಡಂ’ ಎಂದಳು. ಅವಳ ಮನೆಯಿಂದ ಕಾಲೇಜಿಗೆ ಬಂದ ಮೊದಲ ಹೆಣ್ಣು ಅವಳು. ಮನೆ ಬಿಟ್ಟು ಮಲಗಿದ್ದು ಹಾಸ್ಟೆಲಿನಲ್ಲಿ ಮಾತ್ರ. ಸಮಿತಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡಿದವಳು ಶಿಬಿರಕ್ಕೆ ಬರುವುದೇ ಅನುಮಾನವಾಗಿತ್ತು.

ನಮ್ಮ ‘ನಾಯಕತ್ವ ಗುಣ’ದ ಉದ್ದೇಶಗಳ ಎದುರು ಆ ತಾಯಿಯ ಪ್ರಶ್ನೆಯನ್ನು ಇಟ್ಟು ನೋಡಿದಾಗ ಯಾವುದು ನಿಜವಾದ ಯೋಜನೆಯ ಮಾತು ಎಂದು ಹೇಳಬೇಕಾಗಿಲ್ಲ. ಕಾಡಿನ ನಡುವೆ, ಚಳಿಯಲ್ಲಿ, ಗುರುತಿಲ್ಲದ ಕಟ್ಟಡದಲ್ಲಿ ಒಬ್ಬ ಹೆಣ್ಣುಮಗಳು ರಾತ್ರಿ ಎರಡು ಗಂಟೆಗೆ ಏನು ಮಾಡಬೇಕು? ಇದಕ್ಕೆ ಉತ್ತರವಿಲ್ಲದ ಶಿಬಿರ ಯೋಜನೆ, ಅದರಲ್ಲಿ ಎಷ್ಟು ಜಲಪಾತಗಳಿದ್ದರೂ, ಅಪೂರ್ಣ.

ಎರಡನೆಯ ಕರಡನ್ನು ಪ್ರಶ್ನೆಗಳಿಂದ ಶುರುಮಾಡಿದೆವು. ಒಂದೊಂದನ್ನೂ ಒಬ್ಬೊಬ್ಬರು ಹೊತ್ತರು.

ಮೊದಲು ತಿಂಗಳು. ಮುಂಗಾರಿನಲ್ಲಿ ಆ ಬೆಟ್ಟದ ದಾರಿಯಲ್ಲಿ ಮಣ್ಣು ಕುಸಿಯುವ ಭಯ, ಕಾಲಿಗೆ ಇಂಬಳ. ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಮಲೆನಾಡಿನ ಕಾಡಿನಲ್ಲಿ ಉಣ್ಣೆಗಳ ಕಾಟ ಹೆಚ್ಚು. ಮಂಗನ ಕಾಯಿಲೆ ಹರಡುವುದು ಅವುಗಳಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಆ ಕಾಯಿಲೆಯ ಹೆಸರು ನಮ್ಮ ಜಿಲ್ಲೆಯ ಅಂಚಿನ ಊರುಗಳಿಗೂ ಗೊತ್ತು. ಎರಡರ ನಡುವೆ ಉಳಿಯುವುದು ಅಕ್ಟೋಬರ್ ಕೊನೆ ಮತ್ತು ನವೆಂಬರ್. ಅದೇ ಹೊತ್ತಿಗೆ ಅಡಿಕೆ, ಮೆಕ್ಕೆಜೋಳ, ಶೇಂಗಾ ಎಲ್ಲದರ ಸುಗ್ಗಿ. ಎಲ್ಲರಿಗೂ ಹೊಂದುವ ವಾರ ಎಂಬುದು ಇರಲೇ ಇಲ್ಲ. ಹಾಗಾಗಿ ಹೆಚ್ಚು ಮನೆಗಳಿಗೆ ಕಡಿಮೆ ತೊಂದರೆ ಆಗುವ ಎರಡು ದಿನಗಳನ್ನು ನವೆಂಬರಿನಲ್ಲಿ ಆರಿಸಿದರು. ಇದಕ್ಕಾಗಿ 28 ಮಂದಿಯ ಮನೆಯ ಸುಗ್ಗಿಯ ಪಟ್ಟಿ ಮಾಡಿದರು. ನಮ್ಮ ತರಗತಿಯ ಮಕ್ಕಳ ಮನೆಯಲ್ಲಿ ಏನು ಬೆಳೆಯುತ್ತಾರೆ ಎಂದು ನನಗೆ ಪೂರ್ತಿ ಗೊತ್ತಾದದ್ದು ಆ ಪಟ್ಟಿಯಿಂದ.

ಆಮೇಲೆ ಚಳಿ. ನ್ಯಾಮತಿಯ ಹುಡುಗ ಗಣಿತದವನು. ದಾವಣಗೆರೆಯ ಎತ್ತರ ಸುಮಾರು 600 ಮೀಟರ್, ಕೆಮ್ಮಣ್ಣುಗುಂಡಿಯದು 1,434. ವ್ಯತ್ಯಾಸ 830 ಮೀಟರಿನಷ್ಟು. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇಳಿಯುತ್ತದೆ ಎಂಬ ಪಠ್ಯದ ಮಾತನ್ನು ಇಟ್ಟುಕೊಂಡು ಸುಮಾರು 5.4 ಡಿಗ್ರಿ ಕಡಿಮೆ ಎಂದು ಲೆಕ್ಕ ಹಾಕಿದ. ಊರಲ್ಲಿ ರಾತ್ರಿ 18 ಇದ್ದರೆ ಅಲ್ಲಿ ಹನ್ನೆರಡು ಹದಿಮೂರು. ಜೊತೆಗೆ ಬೆಟ್ಟದ ಗಾಳಿ ಮತ್ತು ಮಂಜಿನ ತೇವ. ಒದ್ದೆ ಬಟ್ಟೆಯಲ್ಲಿ ಅದೇ ಹನ್ನೆರಡು ಇನ್ನೂ ಕೆಳಗಿದ್ದಂತೆ ಅನಿಸುತ್ತದೆ. ‘ಸ್ವೆಟರ್ ತನ್ನಿ’ ಎಂಬ ಒಂದು ಸಾಲು ಈ ಲೆಕ್ಕದ ನಂತರ ಒಂದು ಕೋಷ್ಟಕವಾಯಿತು. ಮೈಗೆ ಅಂಟುವ ಬಟ್ಟೆ ಎರಡು ಜೊತೆ, ಅದರ ಮೇಲೆ ಉಣ್ಣೆಯದು, ಅದರ ಮೇಲೆ ಗಾಳಿ ತಡೆಯುವಂಥದ್ದು. ಮಲಗುವಾಗಿನ ಒಣ ಜೊತೆ ಬೇರೆ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು. ಕಾಲುಚೀಲ, ಕಿವಿ ಮುಚ್ಚುವ ಟೋಪಿ ಅಥವಾ ಮಫ್ಲರ್.

ಕೋಷ್ಟಕದ ಪಕ್ಕದಲ್ಲಿ ಮೂರು ಕಾಲಂ ಎಳೆಸಿದೆ: ಮನೆಯಲ್ಲಿ ಇದೆ, ಎರವಲು ಸಿಗುತ್ತದೆ, ಕೊಳ್ಳಬೇಕು. ಮೂರನೆಯ ಕಾಲಂ ಎಲ್ಲರದೂ ಖಾಲಿ ಇರಬೇಕು ಎಂಬುದು ಷರತ್ತು. ಯಾರೂ ಈ ಶಿಬಿರಕ್ಕಾಗಿ ಒಂದು ವಸ್ತುವನ್ನೂ ಕೊಳ್ಳಬಾರದು. ‘ಸ್ವೆಟ್ರು ಕೊಳ್ಳಬೇಕಾ’ ಎಂದು ಕೇಳಿದ ತಾಯಿಗೆ ಅದೇ ಉತ್ತರ.

ಈ ಕಾಲಂ ತುಂಬುವಾಗ ಒಂದು ಅನಿರೀಕ್ಷಿತ ಸಂಗತಿ ನಡೆಯಿತು. ಚಳಿಗೆ ಎಲ್ಲರಿಗಿಂತ ಕಡಿಮೆ ಸಿದ್ಧತೆ ಇರುವುದು ಬಯಲುಸೀಮೆಯವರಿಗೆ ಎಂದು ಉಳಿದ ಮೂವರೂ ಭಾವಿಸಿದ್ದರು. ಜಗಳೂರಿನ ಹುಡುಗಿಯ ಹಾಳೆಯಲ್ಲಿ ‘ಮನೆಯಲ್ಲಿ ಇದೆ’ ಎಂಬ ಕಾಲಂನಲ್ಲಿ ಬರೆದಿತ್ತು: ಕಂಬಳಿ, ನಾಲ್ಕು. ಅವಳ ಸೋದರಮಾವ ಕುರಿ ಕಾಯುವವರು. ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ನಾಲೆ ಬಯಲಿನ ಭತ್ತದ ಗದ್ದೆಗಳಿಗೆ ಹೋಗಿ, ಕುರಿ ತರುಬಿ, ರಾತ್ರಿಯೆಲ್ಲ ಬಯಲಲ್ಲೇ ಮಲಗುವವರು. ಚಳಿಗಾಲದಲ್ಲೂ ಅವರ ಹಾಸಿಗೆ ನೆಲವೇ. ಆಕೆ ಫೋನಿನಲ್ಲಿ ಅವರನ್ನು ಕೇಳಿ ಬರೆದುಕೊಂಡು ಬಂದ ಮಾತು ಹೀಗಿತ್ತು: ‘ಚಳಿ ಮೇಲಿಂದ ಬರಲ್ಲ, ನೆಲದಿಂದ ಬರುತ್ತೆ. ಹೊದಿಯೋದಕ್ಕಿಂತ ಹಾಸ್ಕೊಳೋದು ಮುಖ್ಯ. ಅರ್ಧ ಕೆಳಗೆ, ಅರ್ಧ ಮೇಲೆ. ಕಂಬಳಿ ನೆಂದ್ರೂ ಬೆಚ್ಚಗಿರುತ್ತೆ, ಆದ್ರೆ ಒಣಗೋದು ತಡ, ಅದಕ್ಕೆ ಸಂಜೆ ಮೇಲೆ ಹೊರಗೆ ಬಿಡಬ್ಯಾಡ್ರಿ.’

ಕೋಣೆಗಳಲ್ಲಿ ಮಂಚಕ್ಕಿಂತ ಜನ ಹೆಚ್ಚಾಗಿ ಕೆಲವರು ನೆಲದಲ್ಲಿ ಮಲಗಬೇಕಾಗಿದ್ದುದರಿಂದ ಈ ಮಾತು ಯೋಜನೆಯ ಒಳಗೇ ಸೇರಿತು. ಚಳ್ಳಕೆರೆಯ ಕಂಬಳಿ ಸಂತೆಯ ಹೆಸರನ್ನು ಕೇಳಿದ್ದವರಿಗೂ ಕುರಿಯ ಉಣ್ಣೆಯ ಗುಣದ ಬಗ್ಗೆ ಇಷ್ಟು ಗೊತ್ತಿರಲಿಲ್ಲ. ಹತ್ತಿ ನೆಂದರೆ ಮೈಯ ಬಿಸಿ ಹೀರುತ್ತದೆ. ಉಣ್ಣೆ ತನ್ನ ಎಳೆಗಳ ನಡುವೆ ಗಾಳಿ ಹಿಡಿದಿಟ್ಟುಕೊಂಡು ಒಂದಿಷ್ಟು ಬಿಸಿ ಉಳಿಸುತ್ತದೆ. ವಿಜ್ಞಾನ ಬೋಧನೆಯ ತರಗತಿಯಲ್ಲಿ ‘ಉಷ್ಣ ಅವಾಹಕಗಳು’ ಎಂದು ನಾವು ಕಲಿಸುವುದನ್ನೇ ಕುರಿಗಾಹಿಯೊಬ್ಬರು ನಾಲ್ಕು ಸಾಲಿನಲ್ಲಿ ಹೇಳಿದ್ದರು. ಪೂರ್ವಜ್ಞಾನ ಎಂಬ ಕಾಲಂ ಎಲ್ಲಿಂದ ತುಂಬಬೇಕು ಎಂಬುದಕ್ಕೆ ನಾನು ಇನ್ನು ಮುಂದೆ ಕೊಡುವ ಉದಾಹರಣೆ ಇದೇ.

ದಾರಿಯ ಪ್ರಶ್ನೆಯನ್ನು ಹೊನ್ನಾಳಿಯವನು ಹೊತ್ತ. ಭದ್ರಾವತಿ, ತರೀಕೆರೆ, ಲಿಂಗದಹಳ್ಳಿಯವರೆಗೆ ಮಾಮೂಲಿ ರಸ್ತೆ. ಅಲ್ಲಿಂದ ಮೇಲೆ ಕಡಿದಾದ, ತಿರುವುಗಳ ಕಿರಿದಾರಿ. ಹಾಗಾಗಿ ದೊಡ್ಡ ಬಸ್ಸು ಬೇಡ, ಎರಡು ಮಿನಿಬಸ್ಸು. ಘಾಟಿ ರೂಢಿಯಿರುವ ಚಾಲಕರೇ ಬೇಕೆಂದು ಬಾಡಿಗೆ ಮಾತಾಡುವಾಗಲೇ ಹೇಳುವುದು. ಚಾಲಕರಿಗೆ ಮಲಗಲು ಕೋಣೆ, ಊಟ ನಮ್ಮ ಖರ್ಚಿನಲ್ಲಿ. ಬಸ್ಸಿನ ಸೀಟಿನಲ್ಲಿ ಮಲಗಿಸುವುದಿಲ್ಲ. ಕತ್ತಲಾಗುವ ಮುಂಚೆ ಮೇಲೆ ತಲುಪಿರಬೇಕು. ನವೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಮಂಜು ಬಂದರೆ ಅದಕ್ಕೂ ಮುಂಚೆ. ಬಯಲಿನವರಿಗೆ ತಿರುವಿನಲ್ಲಿ ವಾಂತಿ ಬರುವುದು ಸಹಜ. ಅಂಥವರಿಗೆ ಮುಂದಿನ ಸೀಟು, ಹೊಟ್ಟೆ ತುಂಬ ತಿಂದು ಹತ್ತುವುದು ಬೇಡ, ನಿಂಬೆಹಣ್ಣು, ಕಾಗದದ ಚೀಲ. ತಂದೆ ಕೇಳಿದ ಮೂರು ಪ್ರಶ್ನೆಗೂ ಯೋಜನೆಯಲ್ಲಿ ಮೂರು ಸಾಲು ಬಂತು.

ಹಣದ ವಿಷಯದಲ್ಲಿ ವಾದವೇ ನಡೆಯಿತು. ಬಸ್ಸಿನ ಬಾಡಿಗೆ 20 ಮಂದಿ ಹೋದರೂ ಅಷ್ಟೆ, 28 ಮಂದಿ ಹೋದರೂ ಅಷ್ಟೆ. ಊಟ, ಕೋಣೆಯ ಖರ್ಚು ತಲೆಗೆ ತಕ್ಕಂತೆ. ಹೆಬ್ಬೆ ಜಲಪಾತಕ್ಕೆ ಬೇರೆಯೇ ಜೀಪು ಹಿಡಿಯಬೇಕು, ಅರ್ಧ ದಿನವೂ ಬೇಕು. ಹೊನ್ನಾಳಿಯವನಿಗೆ ಹೆಬ್ಬೆ ನೋಡಲೇಬೇಕಿತ್ತು. ಚನ್ನಗಿರಿಯವಳು ಒಂದೇ ಮಾತು ಹೇಳಿದಳು: ‘ದುಡ್ಡು ಇರೋರು ಹೋಗಿ, ಇಲ್ದೋರು ಬಸ್ಸಲ್ಲಿ ಕೂತಿರೋದಾದ್ರೆ ಅದು ಬೇಡ.’ ಹೆಬ್ಬೆಯನ್ನು ಕೈಬಿಟ್ಟರು. ದಾರಿಯಲ್ಲೇ ಸಿಗುವ ಕಲ್ಲತ್ತಿಗಿರಿ ಸಾಕು ಎಂದಾಯಿತು. ಮೊದಲ ದಿನದ ಬುತ್ತಿ ಮನೆಯಿಂದಲೇ: ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ. ಹಣವನ್ನು ಮೂರು ಕಂತಿನಲ್ಲಿ ಕಟ್ಟಬಹುದು, ಯಾರು ಎಷ್ಟು ಕಟ್ಟಿದ್ದಾರೆಂದು ತರಗತಿಯಲ್ಲಿ ಓದುವುದಿಲ್ಲ ಎಂದೂ ಬರೆದರು.

ಉಳಿದದ್ದು ಆ ತಾಯಿಯ ಮೂರನೆಯ ಪ್ರಶ್ನೆ. ಹುಡುಗಿಯ ಅನುಮತಿ ಪಡೆದು, ಯಾರ ಮನೆಯದೆಂದು ಹೇಳದೆ, ಅದನ್ನು ಸಮಿತಿಯ ಮುಂದೆ ಇಟ್ಟೆ. ಹುಡುಗರಿಬ್ಬರೂ ತಲೆ ತಗ್ಗಿಸಿ ಕೂತರು. ಆಮೇಲೆ ಹೊನ್ನಾಳಿಯವನೇ ಪೆನ್ನು ತೆಗೆದುಕೊಂಡ. ಹುಡುಗಿಯರಿಗೆ ಒಳಗೇ ಶೌಚಾಲಯವಿರುವ ಕೋಣೆಗಳನ್ನೇ ಕೇಳಿ ಹಿಡಿಯುವುದು. ಸಿಗದಿದ್ದರೆ ದಿನಾಂಕ ಬದಲಿಸುವುದು, ಕೋಣೆ ಬದಲಿಸಿ ಒಪ್ಪಿಕೊಳ್ಳುವುದಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾತಿ. ರಾತ್ರಿ ಯಾವ ಹೊತ್ತಿನಲ್ಲಾದರೂ ಎಬ್ಬಿಸಬಹುದು, ಎಬ್ಬಿಸಿದ್ದಕ್ಕೆ ಯಾರೂ ನಗುವಂತಿಲ್ಲ. ಜೊತೆಗಾತಿಯ ಹೆಸರು ಹೊರಡುವ ವಾರದ ಮುಂಚೆಯೇ ಮನೆಗೆ ತಿಳಿದಿರಬೇಕು. ಎರಡು ಕೋಣೆಗೊಂದು ಟಾರ್ಚು, ಬದಲಿ ಸೆಲ್ಲು. ಅಧ್ಯಾಪಕಿ ಮಲಗುವುದು ಹುಡುಗಿಯರ ಸಾಲಿನ ಮೊದಲ ಕೋಣೆಯಲ್ಲಿ. ಮುಟ್ಟಿನ ದಿನಗಳಲ್ಲಿರುವವರಿಗೆ ಬೇಕಾದ ಸಾಮಗ್ರಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲೇ ಇರುತ್ತದೆ. ಕೇಳಿ ಪಡೆಯಬೇಕಾಗಿಲ್ಲ, ತೆಗೆದುಕೊಳ್ಳಬಹುದು. ಈ ಕೊನೆಯ ಸಾಲನ್ನು ಸೇರಿಸಿದವಳು ಚನ್ನಗಿರಿಯವಳು.

ಯೋಜನೆಯ ನಮೂನೆಯನ್ನೂ ಅವರೇ ಬದಲಿಸಿದರು. ಸಮಯ, ಸ್ಥಳ, ಚಟುವಟಿಕೆ, ಹೊಣೆ ಎಂಬ ನಾಲ್ಕು ಕಾಲಂಗಳ ಪಕ್ಕದಲ್ಲಿ ಐದನೆಯದು ಬಂತು: ‘ತಪ್ಪಿದರೆ’. ಝಡ್ ಪಾಯಿಂಟಿನ ಕಾಲುದಾರಿಯಲ್ಲಿ ಮಂಜು ಕವಿದರೆ? ಐವತ್ತು ಹೆಜ್ಜೆ ಮುಂದಿರುವವರ ಬೆನ್ನು ಕಾಣದಿದ್ದರೆ ಎಲ್ಲರೂ ಹಿಂದಿರುಗುವುದು. ನಿರ್ಧಾರ ಮುಂದೆ ನಡೆಯುವ ಒಬ್ಬರದೇ, ಅಧ್ಯಾಪಕಿಯೂ ಅದಕ್ಕೆ ಬದ್ಧ. ಯಾರಿಗಾದರೂ ಜ್ವರ ಬಂದರೆ? ಒಂದು ಮಿನಿಬಸ್ಸು ಕೆಳಗಿಳಿಯುತ್ತದೆ, ಜೊತೆಗೆ ಇಬ್ಬರು. ಮನೆಗೆ ಬಂದ ಮೇಲೆ ಜ್ವರ ಬಂದರೆ? ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳುವುದು. ಫೋನು ಸಿಗದಿದ್ದರೆ?

ಈ ಕಡೆಯ ಪ್ರಶ್ನೆಗೆ ಉತ್ತರವಾದವನು ನ್ಯಾಮತಿಯ ಹುಡುಗ. ಅವನು ಬರಲಾಗುವುದಿಲ್ಲ ಎಂದು ಅಷ್ಟರಲ್ಲಿ ಖಚಿತವಾಗಿತ್ತು. ಆರಿಸಿದ ದಿನಗಳೇ ಅವನ ಮನೆಯ ಮೆಕ್ಕೆಜೋಳ ಮುರಿಯುವ ದಿನಗಳು, ಇಬ್ಬರು ಆಳಿನ ಕೂಲಿ ಆ ಮನೆಗೆ ಸಣ್ಣ ಮಾತಲ್ಲ. ದಿನಾಂಕ ಸರಿಸಿದರೆ ಆರು ಮನೆಗಳಿಗೆ ತೊಂದರೆ. ‘ನಾನು ಊರಲ್ಲಿರ್ತೀನಿ ಮೇಡಂ, ಯೋಜನೆಯ ಒಂದು ಪ್ರತಿ ನನ್ನ ಹತ್ರ ಇರಲಿ’ ಎಂದ ಅವನು. ಲಿಂಗದಹಳ್ಳಿಯಲ್ಲಿ ಬೆಟ್ಟ ಹತ್ತುವ ಮುಂಚೆ ಒಂದು ಕರೆ, ಮರುದಿನ ಇಳಿದ ಮೇಲೆ ಒಂದು ಕರೆ ಅವನಿಗೆ. ಎರಡನೆಯ ದಿನ ಸಂಜೆ ಐದರೊಳಗೆ ಕರೆ ಬಾರದಿದ್ದರೆ ಅವನು ಮೊದಲು ಅತಿಥಿಗೃಹದ ಕಚೇರಿಗೆ, ಆಮೇಲೆ ಚಾಲಕರಿಗೆ, ಆಮೇಲೆ ಪ್ರಾಂಶುಪಾಲರಿಗೆ ಫೋನು ಮಾಡಬೇಕು. 27 ಮನೆಯವರಿಗೂ ಅವನ ನಂಬರು ಕೊಟ್ಟೆವು. ಪರ್ವತ ಹತ್ತುವವರೂ ಸಮುದ್ರಕ್ಕೆ ಇಳಿಯುವವರೂ ತಮ್ಮ ದಾರಿಯ ವಿವರವನ್ನು ದಡದಲ್ಲಿ ಒಬ್ಬರ ಕೈಯಲ್ಲಿ ಬಿಟ್ಟು ಹೋಗುವುದು ಹಳೆಯ ಪದ್ಧತಿ. ನಮ್ಮಲ್ಲಿ ಆ ಕೆಲಸವನ್ನು ಮೆಕ್ಕೆಜೋಳದ ಹೊಲದಲ್ಲಿ ನಿಂತವನು ಮಾಡಿದ. ಆದರೂ ಅವನು ಬರಬೇಕಿತ್ತು ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ. ಎಷ್ಟೇ ಒಳ್ಳೆಯ ಯೋಜನೆಯೂ ಎಲ್ಲರನ್ನೂ ಕರೆದೊಯ್ಯಲಾರದು. ಉಳಿದವರ ಹೆಸರನ್ನು ಅದರಲ್ಲಿ ಬರೆದಿಡಬಹುದು, ಅಷ್ಟೆ.

ಎರಡನೆಯ ಕರಡನ್ನು ನಾಲ್ವರೂ ಮತ್ತೆ ಮನೆಯಲ್ಲಿ ಓದಿದರು. ಜಗಳೂರಿನ ತಾಯಿಗೆ ಓದುವಾಗ ನಾನೂ ಫೋನಿನಲ್ಲಿದ್ದೆ. ಆಕೆ ನಡುವೆ ಮಾತಾಡಲಿಲ್ಲ. ಮುಗಿದ ಮೇಲೆ ಕೇಳಿದ್ದು ಒಂದೇ: ‘ಟೀಚರಮ್ಮ, ನೀವು ಇವರ ಜೊತಿಗೇ ಮಲಗ್ತೀರಾ?’ ಹೌದು, ಮೊದಲ ಕೋಣೆಯಲ್ಲಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನಾಲ್ಕೂ ಕಂಬಳಿ ಕಳಿಸ್ತೀನಿ. ನಿಮಗೊಂದು’ ಎಂದರು.

ಶಿಬಿರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಂಜು ಕವಿದದ್ದರಿಂದ ಝಡ್ ಪಾಯಿಂಟಿನ ದಾರಿಯಲ್ಲಿ ಅರ್ಧಕ್ಕೇ ಹಿಂದಿರುಗಿದೆವು; ಮುಂದೆ ನಡೆಯುತ್ತಿದ್ದ ಹುಡುಗ ಕೈ ಎತ್ತಿದ, ಯಾರೂ ವಾದಿಸಲಿಲ್ಲ. ರಾತ್ರಿ ನನ್ನ ಪಕ್ಕದ ಕೋಣೆಯ ಬಾಗಿಲು ಎರಡು ಸಲ ತೆರೆದ ಸದ್ದು ಕೇಳಿಸಿತು, ಎರಡೂ ಸಲ ಇಬ್ಬರ ಹೆಜ್ಜೆ. ಬೆಳಿಗ್ಗೆ ಶೋಲಾ ಕಾಡಿನ ಅಂಚಿನಲ್ಲಿ ಹುಲ್ಲಿನ ಬುಡದಿಂದ ಜಿನುಗುತ್ತಿದ್ದ ನೀರನ್ನು ಜಗಳೂರಿನ ಹುಡುಗಿ ಬೊಗಸೆಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಎರಡನೆಯ ದಿನ ಸಂಜೆ ನಾಲ್ಕಕ್ಕೆ ಲಿಂಗದಹಳ್ಳಿಯಿಂದ ನ್ಯಾಮತಿಗೆ ಕರೆ ಹೋಯಿತು.

ಬೋಧನಾಭ್ಯಾಸಕ್ಕೆ ಇದರಿಂದ ಬಂದದ್ದೇನು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಒಂದು ಪಾಠದ ವೀಕ್ಷಣೆಯನ್ನು ಹೇಳುತ್ತೇನೆ. ಶಿಬಿರದ ನಂತರ ಆ ಹುಡುಗಿ ಅಭ್ಯಾಸ ಶಾಲೆಯ ಎಂಟನೆಯ ತರಗತಿಯಲ್ಲಿ ವಾಯುಗೋಳದ ಪಾಠ ತೆಗೆದುಕೊಂಡಳು. ಎತ್ತರಕ್ಕೆ ಹೋದಂತೆ ಉಷ್ಣಾಂಶ ಇಳಿಯುತ್ತದೆ ಎಂಬ ಅಂಶ. ನಿರೀಕ್ಷಿಸಿದಂತೆ ಹಿಂದಿನ ಬೆಂಚಿನ ಹುಡುಗ ಕೇಳಿದ: ‘ಬೆಟ್ಟ ಸೂರ್ಯನಿಗೆ ಹತ್ರ ಅಲ್ವಾ ಟೀಚರ್, ಅಲ್ಲಿ ಸೆಕೆ ಆಗ್ಬೇಕಲ್ವಾ?’ ಬಹಳಷ್ಟು ಪ್ರಶಿಕ್ಷಣಾರ್ಥಿಗಳು ತಡವರಿಸುವ ಪ್ರಶ್ನೆ ಇದು. ಆಕೆ ತಡವರಿಸಲಿಲ್ಲ, ಏಕೆಂದರೆ ಆಕೆಯ ತಾಯಿ ಇದನ್ನೇ ಕೇಳಿದ್ದರು. ಪಾಠಯೋಜನೆಯ ಪೂರ್ವಜ್ಞಾನದ ಕಾಲಂನಲ್ಲಿ ಆ ಪ್ರಶ್ನೆ ಇದ್ದ ಹಾಗೆಯೇ ಇತ್ತು. ‘ನಮ್ಮವ್ವನೂ ಹಂಗೇ ಕೇಳಿದ್ರು’ ಎಂದು ಶುರುಮಾಡಿದಳು. ಸೂರ್ಯ ನಮ್ಮಿಂದ ಎಷ್ಟೋ ಕೋಟಿ ಕಿಲೋಮೀಟರ್ ದೂರ, ಅದರ ಮುಂದೆ ಒಂದು ಬೆಟ್ಟದ ಎತ್ತರ ಲೆಕ್ಕಕ್ಕೇ ಬಾರದು ಎಂದಳು. ಗಾಳಿ ಹೆಚ್ಚಾಗಿ ಕಾಯುವುದು ನೆಲದಿಂದ. ಮೇಲೆ ಏರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ ಎಂದು ಹೇಳಿ, ಸೈಕಲ್ ಟ್ಯೂಬಿನ ವಾಲ್ವು ಬಿಚ್ಚಿ ಹೊರಬರುವ ಗಾಳಿಗೆ ಮಕ್ಕಳ ಕೈ ಹಿಡಿಸಿದಳು. ತಣ್ಣಗಿತ್ತು. ಅವಳ ಯೋಜನೆಯಲ್ಲಿ ‘ತಪ್ಪಿದರೆ’ ಎಂಬ ಐದನೆಯ ಕಾಲಂ ಇತ್ತು. ಅದರಲ್ಲಿ ಬರೆದಿತ್ತು: ಟ್ಯೂಬು ಪಂಕ್ಚರ್ ಆಗಿದ್ದರೆ ಬಲೂನು.

ಮಾರ್ಗದರ್ಶಕ ಶಿಕ್ಷಕರಿಗೂ ಪ್ರಶಿಕ್ಷಣಾರ್ಥಿಗಳಿಗೂ ಮೂರು ಸಲಹೆಗಳನ್ನು ಇಡುತ್ತೇನೆ. ನಮ್ಮ ಕಾಲೇಜಿನಲ್ಲಿ ಮುಂದಿನ ತಂಡಕ್ಕೆ ಇವನ್ನು ಜಾರಿಗೆ ತಂದಿದ್ದೇವೆ.

ಒಂದು, ತಿಂಗಳಿಗೆ ಒಂದು ಪಾಠಯೋಜನೆಯನ್ನಾದರೂ ತರಗತಿಯ ಹೊರಗಿನ ಒಬ್ಬರಿಗೆ, ತಾಯಿಗೋ ಅಜ್ಜನಿಗೋ ಅಂಗಡಿಯವರಿಗೋ ಓದಿ ಹೇಳಿ, ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದು ಪೂರ್ವಜ್ಞಾನದ ಕಾಲಂಗೆ ಸೇರಿಸುವುದು. ಆ ಹೊತ್ತಿನಲ್ಲಿ ಉತ್ತರ ಹೇಳದಿರುವುದೂ ಅಭ್ಯಾಸದ ಭಾಗ.

ಎರಡು, ನಮೂನೆಯಲ್ಲಿ ‘ತಪ್ಪಿದರೆ’ ಎಂಬ ಕಾಲಂ. ಕರೆಂಟು ಹೋಗುವುದು, ಚಾರ್ಟು ಮರೆಯುವುದು, ಅರ್ಧ ತರಗತಿ ಸುಗ್ಗಿಗೆ ಹೋಗಿ ಬಾರದಿರುವುದು ನಮ್ಮ ಶಾಲೆಗಳಲ್ಲಿ ಅಪರೂಪವಲ್ಲ.

ಮೂರು, ಪ್ರವಾಸವೋ ಶಿಬಿರವೋ ಇದ್ದಾಗ ಯೋಜನೆಯನ್ನು ಪ್ರಶಿಕ್ಷಣಾರ್ಥಿಗಳೇ ಮಾಡಲಿ. ಸಹಿ ಹಾಕುವ ಮುಂಚೆ ಅದನ್ನು ಹೋಗಲು ಅತಿ ಕಷ್ಟವಿರುವ ಒಬ್ಬರ ಮನೆಯಲ್ಲಿ ಓದಿಸಲಿ. ನಾಳೆ ಇವರು ತಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ಯುವಾಗ ಪೋಷಕರ ಒಪ್ಪಿಗೆ ಪತ್ರ ಎಂಬುದು ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಕಾಗದ ಮಾತ್ರ ಆಗದಿರಲಿ.

ಈ ವರ್ಷದ ಸಮಿತಿ ಕುಪ್ಪಳ್ಳಿಯೋ ಮತ್ತೆ ಕೆಮ್ಮಣ್ಣುಗುಂಡಿಯೋ ಎಂದು ಇನ್ನೂ ಚರ್ಚಿಸುತ್ತಿದೆ. ಸುಗ್ಗಿಯ ಪಟ್ಟಿ ಮಾತ್ರ ಆಗಲೇ ಸಿದ್ಧವಾಗಿದೆ. ಅದರ ಮೊದಲ ಸಾಲಿನಲ್ಲಿ ನ್ಯಾಮತಿಯ ಮೆಕ್ಕೆಜೋಳವಿದೆ.